ಇಳಿಯುವ ಹಲ್ಲಿ

೪ ಮಾರ್ಚ್

ಮಾನ್ಯರೇ,

ನಿಮ್ಮ ಸಂಸ್ಥೆಯ ಲಕೋಟೆ ಮೊನ್ನೆ ತಲುಪಿತು. ಒಳಗೆ ಹಲ್ಲಿಯ ಚಿತ್ರವಿದ್ದ ಒಂದು ಹಾಳೆ, ಜೊತೆಗೆ ಟೈಪ್ ಮಾಡಿದ ನಾಲ್ಕು ಸಾಲು. ಗ್ರಾಹಕರೊಬ್ಬರಿಗೆ ಪೂರ್ತಿ ಕೈಯಲ್ಲೇ ಮಾಡಿದ ಚಿನ್ನದ ಹಲ್ಲಿ ಬ್ರೋಚ್ ಬೇಕಾಗಿದೆ, ಮಾಡಿಕೊಡಲು ಸಾಧ್ಯವೇ ತಿಳಿಸಿ ಎಂದಿದೆ. ಸಾಧ್ಯ.

ಕೆಳಗಿನ ಸಹಿ ನಿಮ್ಮದು. ಹನ್ನೊಂದು ವರ್ಷ ಇದೇ ಮೇಜಿನ ಆಚೆ ಬದಿ ಕೂತು ಚಿತ್ರ ಬರೆದವರ ಸಹಿ, ಮೂರು ವರ್ಷದ ಹಿಂದೆ ಒಂದು ಪೆಟ್ಟಿಗೆ ಹಿಡಿದು ಹೊರಟುಹೋದ ನನ್ನ ಹೆಂಡತಿಯ ಸಹಿ, ನನಗೆ ಗುರುತು ಸಿಗದೆ ಇರುತ್ತದೆಯೇ. ಆದರೆ ಟೈಪ್ ಮಾಡಿದ ಕಾಗದಕ್ಕೆ 'ಮಾನ್ಯರೇ' ಎಂದೇ ಉತ್ತರಿಸಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದರು. ಅದಕ್ಕೇ ಹಾಗೆ ಬರೆದೆ.

ಕೆಲಸದ ವಿಷಯ. ಬಾಲದ ತುದಿ ಎಷ್ಟು ದಪ್ಪ ಇರಬೇಕು ಎಂದು ನೀವು ಬರೆದಿಲ್ಲ. ಕಣ್ಣಿಗೆ ಯಾವ ಕಲ್ಲು? ಪ್ರತಿ ಪಾದಕ್ಕೂ ಐದೈದು ಬೆರಳು, ಪ್ರತಿ ಬೆರಳ ತುದಿಯಲ್ಲೂ ಸಾಸಿವೆ ಕಾಳಿನಷ್ಟು ಗುಂಡು ಬರೆದಿದ್ದೀರಿ. ಇಪ್ಪತ್ತು ಗುಂಡುಗಳೂ ಬಟ್ಟೆಗೆ ಸಿಕ್ಕಿ ಎಳೆಯುತ್ತವೆ. ಕಡಿಮೆ ಮಾಡಬಹುದೇ? ಒಂದು ಮಾತು ಹೇಳಲೇಬೇಕು, ಪಾದಗಳನ್ನು ಮೊದಲಿಗಿಂತ ಬಹಳ ಚೆನ್ನಾಗಿ ಬರೆಯುತ್ತಿದ್ದೀರಿ.

ಇಲ್ಲಿ ಕೆಲಸ ಕೈತುಂಬ ಇದೆ. ಪ್ರಾಣಿ ಒಡವೆಗಳ ಕಪಾಟಿನಲ್ಲಿ ಜಾಗ ಸಾಲುತ್ತಿಲ್ಲ. ಅಮ್ಮ ನಿಮ್ಮ ಬಗ್ಗೆ ಕೇಳಿದರು, ಅದನ್ನು ತಿಳಿಸುತ್ತಿದ್ದೇನೆ. ಏನು ಕೇಳಿದರು ಎಂದು ಬರೆಯುವುದಿಲ್ಲ.

ಅಕ್ಕಸಾಲಿ

*

೧೯ ಮಾರ್ಚ್

ಮಾನ್ಯ ಅಕ್ಕಸಾಲಿಗಳೇ,

ಟೈಪ್ ಮಾಡಿದ್ದು ನಾನಲ್ಲ, ಇಲ್ಲಿನ ಗುಮಾಸ್ತೆ. ಅವಳು ತನ್ನ ತಾಯಿಗೂ ಹೀಗೆಯೇ ಬರೆಯುತ್ತಾಳಂತೆ. ಆದರೂ ನೀವು 'ಮಾನ್ಯರೇ' ಎಂದದ್ದನ್ನು ನಾಲ್ಕು ಸಲ ಓದಿದೆ. ಹನ್ನೊಂದು ವರ್ಷದಲ್ಲಿ ನನಗೆ ಸಿಗದ ಮರ್ಯಾದೆಯೆಲ್ಲ ಒಂದೇ ಲಕೋಟೆಯಲ್ಲಿ ಬಂದಂತಾಯಿತು.

ಬಾಲದ ತುದಿ ಹೊಲಿಗೆ ಸೂಜಿಯಷ್ಟು. ಕಣ್ಣಿಗೆ ಕಡುಗೆಂಪು ಕಲ್ಲು, ನೀವೇ ಆರಿಸಿ, ನಿಮ್ಮ ಕಣ್ಣನ್ನು ನಂಬುತ್ತೇನೆ. ಇಪ್ಪತ್ತು ಬೆರಳೂ ಇರಲಿ. ಗ್ರಾಹಕರು ಬಟ್ಟೆ ಹರಿದರೂ ಬೇಸರ ಪಡುವವರಲ್ಲ.

ಗ್ರಾಹಕರ ಬಗ್ಗೆ ಹೆಚ್ಚು ಹೇಳುವ ಹಾಗಿಲ್ಲ. ಒಂಟಿಯಾಗಿ ಇರುವವರು. ಮೊದಲು ಇದ್ದ ಮನೆಯ ಅಡುಗೆಮನೆಯಲ್ಲಿ ಒಂದು ಹಲ್ಲಿ ಇತ್ತಂತೆ, ದೀಪ ಹಾಕಿದ ಕೂಡಲೇ ಗಡಿಯಾರದ ಹಿಂದಿನಿಂದ ಬರುತ್ತಿತ್ತಂತೆ. ಈಗಿನ ಮನೆಯ ಚಳಿಗೆ ಹಲ್ಲಿ ಇರಲಿ, ನೊಣವೂ ಸುಳಿಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಆರು ಅಂತಸ್ತಿನ ಕಟ್ಟಡ, ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ನಲವತ್ತು ಮೇಜು. ನನ್ನದು ಕಿಟಕಿಯ ಪಕ್ಕ. ಇಲ್ಲಿನ ಪ್ರಾಣಿಗಳನ್ನು ರಾಣಿಯರಂಥವರು ಹಾಕಿಕೊಳ್ಳುತ್ತಾರೆ. ಕಳೆದ ವಾರ ಹೋದ ಚಿರತೆ ಹಾರದಲ್ಲಿ ನನ್ನ ಕೈ ಇತ್ತು. ಅತ್ತೆ ಏನು ಕೇಳಿದರು ಎನ್ನುವುದನ್ನು ಬರೆಯದೆ ಉಳಿಸಿದ್ದಕ್ಕೆ ವಂದನೆ, ನನಗೆ ಊಹೆ ಇದೆ.

ಯಜಮಾನ ಹೇಗಿದ್ದಾನೆ? ನಿಮ್ಮನ್ನಲ್ಲ, ಬೆಕ್ಕನ್ನು ಕೇಳಿದ್ದು.

ವಿನ್ಯಾಸಕಿ

*

೩೦ ಏಪ್ರಿಲ್

ಮಾನ್ಯರೇ,

ಹಲ್ಲಿಯನ್ನು ಹತ್ತಿಯಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ಕಳಿಸಿದ್ದೇನೆ. ಬೆರಳುಗಳಿಗೇ ಒಂಬತ್ತು ದಿನ ಹಿಡಿಯಿತು. ಹನ್ನೆರಡನೆಯ ಬೆರಳಿನಲ್ಲಿ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ಹದಿನೈದಕ್ಕೆ ಬರುವಾಗ ಸುಮ್ಮನಾದೆ. ಇಪ್ಪತ್ತು ಮುಗಿದಾಗ ಇನ್ನೂ ನಾಲ್ಕು ಇದ್ದರೆ ಚೆನ್ನಾಗಿತ್ತು ಎನ್ನಿಸಿತು. ಕಣ್ಣನ್ನು ಕೊನೆಯಲ್ಲಿ ಕೂರಿಸಿದೆ. ನಿಮಗೆ ಗೊತ್ತಿರುವ ಹಾಗೆ, ಕಣ್ಣು ಕೂರಿಸಿದ ಮೇಲೆ ಪ್ರಾಣಿಯನ್ನು ಬೆಂಕಿಗೆ ಹಿಡಿಯುವುದಿಲ್ಲ. ಹೊಟ್ಟೆಯ ಕೆಳಗೆ ಅಪ್ಪನ ಕಾಲದ ಅಂಗಡಿ ಮುದ್ರೆ ಒತ್ತಿದ್ದೇನೆ.

ಪಾಲಿಶ್ ಮಾಡುವ ಮಾವ ಅದನ್ನು ಮೇಜಿನ ಮೇಲೆ ನೋಡಿ ಹಳೆಯ ಅಭ್ಯಾಸದಂತೆ ಪೊರಕೆ ಹುಡುಕಲು ಎದ್ದರು. ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಡ.

ಯಜಮಾನ ಮಲಗಿದ್ದಾನೆ. ಎಬ್ಬಿಸಲು ಹೋಗಿಲ್ಲ.

ಅಕ್ಕಸಾಲಿ

*

೧೬ ಮೇ

ಮಾನ್ಯ ಅಕ್ಕಸಾಲಿಗಳೇ,

ಡಬ್ಬಿ ತೆರೆದು ಹಲ್ಲಿಯನ್ನು ದೀಪದ ಕೆಳಗೆ ಹಿಡಿದೆ. ಚರ್ಮದ ಮಡಿಕೆ, ಕುತ್ತಿಗೆಯ ಹತ್ತಿರದ ಆ ಸಣ್ಣ ಹಳ್ಳ. ಇವನ್ನು ನಾನು ಬರೆದಿರಲಿಲ್ಲ. ಬರೆಯಬೇಕಾಗಿತ್ತು ಎಂದು ಈಗ ತಿಳಿಯುತ್ತಿದೆ.

ಆದರೆ ಒಂದು ತಪ್ಪಾಗಿದೆ. ನೀವು ಹಿಂದುಗಡೆ ಪಿನ್ನು ಬೆಸೆದಿರುವ ರೀತಿಯಲ್ಲಿ ಅದನ್ನು ಚುಚ್ಚಿಕೊಂಡರೆ ತಲೆ ಕೆಳಗೆ, ಬಾಲ ಮೇಲೆ. ನಾನು ಬರೆದದ್ದು ಗೋಡೆ ಹತ್ತುವ ಹಲ್ಲಿ. ನೀವು ಮಾಡಿದ್ದು ಇಳಿಯುವ ಹಲ್ಲಿ. ಎರಡು ದಿನ ಯೋಚಿಸಿದೆ, ನಲವತ್ತು ವರ್ಷ ಪಿನ್ನು ಬೆಸೆದ ಕೈ ಹೀಗೇಕೆ ಮಾಡಿತು ಎಂದು. ಆಮೇಲೆ ಹೊಳೆಯಿತು. ಹಾಳೆಯನ್ನು ನೀವು ತಲೆಕೆಳಗಾಗಿ ಇಟ್ಟುಕೊಂಡಿದ್ದಿರಿ, ಅಲ್ಲವೇ?

ವಿನ್ಯಾಸಕಿ

*

೨ ಜೂನ್

ಹೌದು.

ಹನ್ನೊಂದು ವರ್ಷ ನೀವು ಆ ಕಡೆ ಕೂತು ಬರೆದಿರಿ, ನಾನು ಈ ಕಡೆ ಕೂತು ಮಾಡಿದೆ. ನಡುವೆ ಒಂದೇ ದೀಪ. ನಿಮ್ಮ ಗೂಬೆ, ನಿಮ್ಮ ಆಮೆ, ನಿಮ್ಮ ಕುದುರೆ, ಒಂದನ್ನೂ ನಾನು ನೇರವಾಗಿ ನೋಡಿದವನಲ್ಲ. ಎಲ್ಲವನ್ನೂ ತಲೆಕೆಳಗಾಗಿ ನೋಡಿಯೇ ಮಾಡಿದ್ದು. ಕೈ ಅದಕ್ಕೆ ಒಗ್ಗಿಹೋಗಿದೆ. ಹಲ್ಲಿಯ ಹಾಳೆ ಬಂದಾಗ ನನ್ನ ಮುಂದೆ ನೇರವಾಗಿ ಇಟ್ಟುಕೊಂಡು ಶುರು ಮಾಡಿದೆ. ಎರಡು ದಿನ ಒಂದು ಗೆರೆಯೂ ಸರಿಯಾಗಿ ಬರಲಿಲ್ಲ. ಆಮೇಲೆ ಹಾಳೆಯನ್ನು ಆ ಬದಿಗೆ, ನಿಮ್ಮ ಕುರ್ಚಿಯ ಮುಂದೆ, ನೀವು ಬರೆಯುವಾಗ ಇರುವ ಹಾಗೆಯೇ ಇಟ್ಟು ಭಾರಕ್ಕೆ ಸುತ್ತಿಗೆ ಹೇರಿದೆ. ಈ ಕಡೆ ಬಂದು ಕೂತೆ. ಕೆಲಸ ತಾನಾಗಿ ಸಾಗಿತು.

ಮೇಲೆ ಯಾವುದು, ಕೆಳಗೆ ಯಾವುದು ಎಂದು ಮೊದಲು ನೀವು ಬಾಯಲ್ಲಿ ಹೇಳುತ್ತಿದ್ದಿರಿ. ಈ ಸಲ ಹೇಳುವವರು ಇರಲಿಲ್ಲ. ತಪ್ಪು ನನ್ನದೇ. ಹಲ್ಲಿಯನ್ನು ವಾಪಸು ಕಳಿಸಿ, ಕಣ್ಣು ಕಿತ್ತು, ಪಿನ್ನು ತಿರುಗಿಸಿ ಬೆಸೆದು ಕೊಡುತ್ತೇನೆ.

*

೨೦ ಜೂನ್

ಅಕ್ಕಸಾಲಿಗಳೇ,

ಕಣ್ಣು ಕೀಳುವುದು ಬೇಡ. ಗ್ರಾಹಕರು ಅದನ್ನು ಹಾಗೆಯೇ ಚುಚ್ಚಿಕೊಂಡಿದ್ದಾರೆ. ಮೇಲೆ ಹೋಗುವ ಹಲ್ಲಿಯನ್ನು ಎಲ್ಲರೂ ಹಾಕಿಕೊಳ್ಳುತ್ತಾರೆ, ಇಳಿದು ಬರುವ ಹಲ್ಲಿ ನನ್ನೊಬ್ಬಳದೇ ಇರಲಿ ಎಂದರು. ಕೋಟಿನ ಒಳಗಡೆ ಚುಚ್ಚಿಕೊಳ್ಳುತ್ತಾರೆ, ಹೊರಗೆ ಯಾರಿಗೂ ಕಾಣದ ಹಾಗೆ.

ನಿಮ್ಮ ಪತ್ರ ಓದಿದ ದಿನ ನನ್ನ ಕೈಯಲ್ಲಿ ಕೆಲಸ ನಡೆಯಲಿಲ್ಲ. ಮುಖ್ಯಸ್ಥೆ ಬಂದು ತಲೆನೋವೇ ಎಂದು ಕೇಳಿದಳು. ಹೂಂ ಎಂದೆ. ನನ್ನ ಕುರ್ಚಿ ಅಲ್ಲಿಯೇ ಇದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಅತ್ತೆಯ ಕೋಣೆಗೋ ಅಟ್ಟಕ್ಕೋ ಹೋಗಿರುತ್ತದೆ ಅಂದುಕೊಂಡಿದ್ದೆ.

ಈ ಲಕೋಟೆಯಲ್ಲಿ ಒಂದು ಬಸವನಹುಳು ಇದೆ. ಉಂಗುರ. ಅದೇ ಗ್ರಾಹಕರಿಗೆ. ಚಿಪ್ಪು ಪೂರ್ತಿ ಚಿನ್ನ, ಮೈ ಮಾತ್ರ ತಿಳಿ ಹಸಿರು ಕಲ್ಲು. ಮೇಲ್ಗಡೆ ಯಾವುದು ಎಂದು ಬಾಣ ಹಾಕಿದ್ದೇನೆ. ಹಾಳೆಯನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ.

ಯಜಮಾನ ಆ ಕುರ್ಚಿಯ ಮೇಲೆಯೇ ಮಲಗುತ್ತಾನೆಯೇ? ಅವನ ಕೂದಲು ನನ್ನ ಹಾಳೆಗಳಿಗೆ ಅಂಟುತ್ತಿತ್ತು. ಇಲ್ಲಿಗೆ ತಂದ ಹಳೆಯ ವಹಿಯಲ್ಲಿ ಇನ್ನೂ ಎರಡು ಕೂದಲು ಇವೆ.

*

೧೧ ಆಗಸ್ಟ್

ಬಸವನಹುಳುವಿನ ಕೊಂಬುಗಳೇ ನನ್ನ ಪ್ರಾಣ ತೆಗೆದವು. ಕಲ್ಲಿನಲ್ಲಿ ಕೂದಲೆಳೆಯಷ್ಟು ರಂಧ್ರ ಕೊರೆದು ತಂತಿ ಇಳಿಸಬೇಕು. ಎರಡು ಕಲ್ಲು ಒಡೆದವು, ಮೂರನೆಯದು ಒಪ್ಪಿತು. ಅಳತೆ ನೀವು ಬರೆದ ಹಾಗೆಯೇ. ಬಹಳ ಸಣ್ಣ ಬೆರಳು.

ಇನ್ನೊಂದು ಮಾತು. ಕೆಲಸಕ್ಕೆ ಸಂಬಂಧವಿಲ್ಲ, ಉತ್ತರ ಕೊಡದಿದ್ದರೂ ನಡೆಯುತ್ತದೆ. ಈ ಗ್ರಾಹಕರ ಅಡುಗೆಮನೆ ನಿಮಗೆ ಗೊತ್ತು. ಕೋಟಿನ ಒಳಗಡೆ ಏನಿದೆ ಎಂದೂ ಗೊತ್ತು. ಇಷ್ಟು ಹತ್ತಿರದವರು ಯಾರು? ಅಥವಾ ಕೊಳ್ಳುವವರು ಒಬ್ಬರು, ಹಾಕಿಕೊಳ್ಳುವವರು ಇನ್ನೊಬ್ಬರೋ? ಯಾರೋ ಗಂಡಸು ನಿಮ್ಮ ಚಿತ್ರಗಳನ್ನು ಮೆಚ್ಚಿ ಒಂದೊಂದಾಗಿ ಮಾಡಿಸಿ ಯಾರಿಗೋ ಕೊಡುತ್ತಿದ್ದಾರೆ ಎಂದು ಪಾಲಿಶ್ ಮಾವನ ಊಹೆ. ಮಾವನ ಊಹೆ, ನನ್ನದಲ್ಲ. ನನಗೆ ಕೆಲಸ ಬಂದರೆ ಸಾಕು.

ಬೆಕ್ಕು ಎಂದಿನಂತೆ.

*

೨ ಸೆಪ್ಟೆಂಬರ್

ಪಾಲಿಶ್ ಮಾವನಿಗೆ ಕಿವಿ ಕೇಳಿಸುವುದಿಲ್ಲ, ಯಾರ ವಿಷಯಕ್ಕೂ ಮೂಗು ತೂರಿಸದ ಮನುಷ್ಯ. ಹೊಟ್ಟೆಕಿಚ್ಚು ಯಾರದು ಎಂದು ನನಗೆ ಗೊತ್ತಾಗದೆ ಇರುತ್ತದೆಯೇ. ಓದಿ ಮೊದಲು ಸಿಟ್ಟು ಬಂತು. ಟ್ರಾಮಿನಲ್ಲಿ ಎರಡನೆಯ ಸಲ ಓದಿದಾಗ ನಗು ಬಂತು, ಎದುರಿಗೆ ಕೂತ ಹೆಂಗಸು ಮುಖ ತಿರುಗಿಸಿದಳು.

ಗ್ರಾಹಕರು ಯಾರೆಂದು ಬಾಯಿಬಿಟ್ಟು ಹೇಳಲು ನನಗೆ ಬರುತ್ತಿಲ್ಲ. ಆರು ತಿಂಗಳಿಂದ ಪ್ರತಿ ಪತ್ರದಲ್ಲೂ ಹೇಳಬೇಕೆಂದು ಕೂರುತ್ತೇನೆ, ಬಾಲ ಎಷ್ಟು ದಪ್ಪ ಎಂದು ಬರೆದು ಏಳುತ್ತೇನೆ. ಈ ಸಲ ಬಳೆ ಬೇಕು. ಮಲಗಿದ ಬೆಕ್ಕು, ಬಾಲ ಸುತ್ತಿ ಬಂದು ಮೂಗಿಗೆ ತಾಗಬೇಕು. ನಮ್ಮ ಯಜಮಾನನೇ ಆಗಲಿ. ಚಿತ್ರ ಇಟ್ಟಿದ್ದೇನೆ, ಉಳಿದದ್ದನ್ನು ಅವನನ್ನೇ ನೋಡಿ ತುಂಬಿ.

ಅಳತೆಗೆ ದಾರ ಕಳಿಸಿದ್ದೇನೆ. ನಮ್ಮ ಅಂಗಡಿಯ ಪದ್ಧತಿಯಂತೆ ಹೆಬ್ಬೆರಳನ್ನು ಅಂಗೈಗೆ ಮಡಚಿ, ಗೆಣ್ಣುಗಳ ಸುತ್ತ ದಾರ ಸುತ್ತಿ, ಗಂಟು ಹಾಕಿದ್ದು. ಅದನ್ನು ಅಳತೆಯ ಬಳೆಕೋಲಿಗೆ ಏರಿಸಿ ನೋಡಿ. ಗ್ರಾಹಕರು ಯಾರೆಂದು ಕೋಲೇ ಹೇಳುತ್ತದೆ.

*

೨೫ ಸೆಪ್ಟೆಂಬರ್

ಮಾನ್ಯರೇ,

ದಾರ ತಲುಪಿತು. ಒಂದು ಗಳಿಗೆ ಬೇರೇನೋ ಅಂದುಕೊಂಡೆ. ನಮ್ಮ ಮದುವೆಯ ಬಳೆಗೆ ಅಳತೆ ತೆಗೆದ ದಿನ ಬಳೆಕೋಲಿನ ಮೇಲೆ ನಾನು ಚಾಕುವಿನಿಂದ ಒಂದು ಗೀರು ಹಾಕಿದ್ದೆ, ನಿಮಗೆ ನೆನಪಿರಬಹುದು. ದಾರ ಅಲ್ಲಿಗೇ ಬಂದು ನಿಲ್ಲುತ್ತದೆ ಎಂದು ಹುಚ್ಚನ ಹಾಗೆ ಕಾದೆ.

ನಿಲ್ಲಲಿಲ್ಲ. ಆ ಗೀರಿಗಿಂತ ಎರಡು ಅಳತೆ ಮೇಲೆ, ಕೋಲು ಸಪೂರವಾಗುವ ಕಡೆಯೇ ಸಿಕ್ಕಿಕೊಂಡಿತು. ಮೂರು ಸಲ ಏರಿಸಿ ನೋಡಿದೆ. ಕೋಲು ಸುಳ್ಳು ಹೇಳುವುದಿಲ್ಲ. ಯಾರೋ ಬಹಳ ಸಣ್ಣ ಕೈಯವರು. ಹರೆಯದವರಿರಬೇಕು. ಯಾರೆಂದು ನಾನು ಗುರುತು ಹಿಡಿಯಬೇಕು ಎಂದು ನೀವು ಯಾಕೆ ಬರೆದಿರಿ ಎನ್ನುವುದು ನನಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇಲ್ಲ.

ಕೆಲಸ ಶುರು ಮಾಡಿದ್ದೇನೆ. ಕೊಟ್ಟ ಅಳತೆಗೇ ಮಾಡುತ್ತೇನೆ.

ಅಕ್ಕಸಾಲಿ

*

೧೨ ನವೆಂಬರ್

ಮಾನ್ಯರೇ,

ನನ್ನ ಹಿಂದಿನ ಪತ್ರಕ್ಕೆ ಉತ್ತರವಿಲ್ಲ. ಬೆಕ್ಕಿನ ಬೆನ್ನಿನ ಕೂದಲನ್ನು ಗೆರೆ ಕೊರೆದು ತೋರಿಸಲೇ, ನುಣುಪಾಗಿ ಬಿಡಲೇ ಎಂದು ತಿಳಿಸಬೇಕು. ಅಂಚೆ ತಪ್ಪಿರಬಹುದು ಎಂದು ಇದನ್ನು ಮತ್ತೆ ಬರೆಯುತ್ತಿದ್ದೇನೆ.

*

೨೮ ಡಿಸೆಂಬರ್

ಮಾನ್ಯರೇ,

ಬಳೆಯ ಕೆಲಸವನ್ನು ದಯವಿಟ್ಟು ನಿಲ್ಲಿಸಬೇಕು. ಗ್ರಾಹಕರಿಗೆ ಇನ್ನು ಅಗತ್ಯವಿಲ್ಲ. ಇದುವರೆಗಿನ ಸಹಕಾರಕ್ಕೆ ವಂದನೆಗಳು.

(ಟೈಪ್ ಮಾಡಿದ್ದು ನಾನೇ.)

*

೧೯ ಜನವರಿ

ಇದಕ್ಕೆ ಏನೆಂದು ಸಂಬೋಧಿಸಬೇಕೋ ತಿಳಿಯದೆ ಒಂದು ವಾರ ಕಳೆದೆ. ಹಾಗೆಯೇ ಬರೆಯುತ್ತೇನೆ.

ನಿನ್ನ ಎರಡು ಸಾಲಿನ ಕಾಗದ ಬಂದ ದಿನ ಬೆಳಗ್ಗೆ ನಾನು ಮೇಜಿನ ಮುಂದೆ ಸುಮ್ಮನೆ ಕೂತಿದ್ದೆ. ಬಳೆಕೋಲು ಎದುರಿಗೆ, ಅದರ ಮೇಲೆ ನಿನ್ನ ದಾರ. ಅಮ್ಮ ಕಷಾಯ ತಂದಿಟ್ಟು ಅದನ್ನು ನೋಡಿದರು. ಇದು ಯಾರ ದಾರ ಎಂದು ಕೇಳಿದರು. ಯಾರೋ ಗಿರಾಕಿ, ಅವಳ ಗೀರಿಗಿಂತ ಎರಡು ಅಳತೆ ಕಡಿಮೆ ಎಂದೆ. ಅಮ್ಮ ದಾರವನ್ನು ಬೆರಳಿಂದ ಮುಟ್ಟಿ ನೋಡಿದರು.

"ಮೂಳೆ ಹಾಗೇ ಇರುತ್ತೆ ಕಣೋ, ಮೈ ಇಳಿಯುತ್ತೆ. ನಾಲ್ಕು ವರ್ಷ ಒಬ್ಬಳೇ ಉಂಡು ಒಬ್ಬಳೇ ಮಲಗಿದ್ರೆ ಕೈ ಸಣ್ಣ ಆಗದೆ ಇನ್ನೇನಾಗುತ್ತೆ? ನೀನು ಕೋಲನ್ನ ಕೇಳ್ದೆ. ಅವಳನ್ನ ಕೇಳ್ಬೇಕಿತ್ತು."

ಇಷ್ಟು ಹೇಳಿ ಒಳಗೆ ಹೋದರು. ಕಷಾಯ ತಣ್ಣಗಾಯಿತು. ನಲವತ್ತು ವರ್ಷದಿಂದ ಅಳತೆಯಲ್ಲೇ ಬದುಕಿದವನು ನಾನು. ಒಮ್ಮೆ ಹಾಕಿದ ಗೀರು ಹಾಗೆಯೇ ಇರುತ್ತದೆ, ಹಾಗಾಗಿ ಕೈಯೂ ಹಾಗೆಯೇ ಇರುತ್ತದೆ ಎಂದು ನಂಬಿಬಿಟ್ಟೆ. ನೀನು ಕೈಯನ್ನೇ ಬಿಚ್ಚಿ ತೋರಿಸಿದರೂ ಯಾರೋ ಹರೆಯದವರು ಎಂದು ಬರೆದೆ. ನನ್ನಂಥ ದಡ್ಡ ಇನ್ನೊಬ್ಬನಿರಲಾರ.

ನಾನೂ ನಿನಗೆ ಸುಳ್ಳು ಬರೆದಿದ್ದೇನೆ. ಪ್ರಾಣಿಗಳ ಕಪಾಟು ಖಾಲಿ. ನೀನು ಹೋದಮೇಲೆ ನಿನ್ನ ಹಲ್ಲಿ ಬರುವವರೆಗೆ ನಾನು ಒಂದೇ ಒಂದು ಪ್ರಾಣಿ ಮಾಡಲಿಲ್ಲ. ಸರದ ಕೊಕ್ಕೆ ಸರಿ ಮಾಡುತ್ತೇನೆ, ಸಾದಾ ಉಂಗುರ ಬಡಿಯುತ್ತೇನೆ. ಕೇಳಿದವರಿಗೆ ಪುರುಸೊತ್ತಿಲ್ಲ ಎಂದೆ. ಚಿತ್ರ ಇರಲಿಲ್ಲ ಎನ್ನುವುದು ನಿಜ.

ಯಜಮಾನ ಇಲ್ಲ. ಹಿಂದಿನ ಚಳಿಗಾಲದಲ್ಲಿ, ನಿನ್ನ ಮೊದಲ ಲಕೋಟೆ ಬರುವ ಎರಡು ತಿಂಗಳು ಮುಂಚೆಯೇ ಹೋದ. ನಿನ್ನ ಕುರ್ಚಿಯ ಮೇಲೆ ಮಲಗಿದವನು ಬೆಳಗ್ಗೆ ಏಳಲಿಲ್ಲ. ಹಿತ್ತಿಲಲ್ಲಿ ನೀರಿನ ತೊಟ್ಟಿಯ ಪಕ್ಕ ಹೂತೆ. ಮತ್ತೆ ಮತ್ತೆ ನೀನು ಕೇಳಿದೆ, ಪ್ರತಿ ಸಲವೂ ನನಗೆ ಬರೆಯಲು ಆಗಲಿಲ್ಲ. ಅವನೂ ಇಲ್ಲವೆಂದರೆ ನಿನಗೆ ಈ ಮನೆಯಲ್ಲಿ ಕೇಳುವುದಕ್ಕೆ ಏನು ಉಳಿಯುತ್ತದೆ ಎಂದು ಹೆದರಿದೆ.

ಆ ದೊಡ್ಡ ಸಂಸ್ಥೆ ಕರೆಯಿತು, ನೀನು ಹೋದೆ. ಹೀಗೆ ನಾನು ತಿಳಿದುಕೊಂಡಿದ್ದೇನೆ. ಬೇರೆ ಏನಾದರೂ ಇದ್ದರೆ ಹೇಳು. ಬಳೆಯನ್ನು ನಿಲ್ಲಿಸಿಲ್ಲ. ನೀನು ನನಗೆ ಬೇಕು. ಇದನ್ನು ಮೊದಲೇ ಬರೆಯಬೇಕಿತ್ತು.

*

೧೦ ಫೆಬ್ರವರಿ

ಯಜಮಾನನ ಸುದ್ದಿ ಓದಿ ಬಚ್ಚಲುಮನೆಯ ನಲ್ಲಿ ತಿರುಗಿಸಿ ಅತ್ತೆ. ಪಕ್ಕದ ಕೋಣೆಯಲ್ಲಿ ಬಾಡಿಗೆಗಿರುವ ದಾದಿ ಬಾಗಿಲು ತಟ್ಟಿ ನೀರು ಪೋಲಾಗುತ್ತಿದೆ ಎಂದಳು. ಅತ್ತೆಯ ಮಾತು ಓದಿ ಮತ್ತೆ ಅತ್ತುಬಿಟ್ಟೆ. ಆಗ ನಲ್ಲಿ ತಿರುಗಿಸಲಿಲ್ಲ.

ನಾನೂ ಲೆಕ್ಕವಿಲ್ಲದಷ್ಟು ಸುಳ್ಳು ಹೇಳಿದ್ದೇನೆ. ಇಲ್ಲಿ ನಲವತ್ತು ಮೇಜು ಇರುವುದು ನಿಜ. ಆದರೆ ಒಂದು ಪ್ರಾಣಿಯನ್ನು ಒಬ್ಬರು ಬರೆಯುವುದಿಲ್ಲ. ಒಬ್ಬಳು ಕಣ್ಣು ಬರೆಯುತ್ತಾಳೆ, ಒಬ್ಬ ರೆಕ್ಕೆ, ಒಬ್ಬ ಬಾಲ. ನನ್ನದು ಪಾದ. ನಾಲ್ಕು ವರ್ಷದಿಂದ ಬರೀ ಪಾದ. ಚಿರತೆಯ ಪಂಜ, ಹಂಸದ ಜಾಲಗಾಲು, ಕಪ್ಪೆಯ ಬೆರಳು. ಆ ಪಾದಗಳು ಯಾವ ಮೈಗೆ ಹೋಗುತ್ತವೆ ಎಂದು ಅಂಗಡಿಯ ಗಾಜಿನ ಮುಂದೆ ನಿಂತು ನೋಡಿಯೇ ತಿಳಿಯಬೇಕು. ಪಾದ ಚೆನ್ನಾಗಿ ಬರೆಯುತ್ತೀರಿ ಎಂದು ನೀನು ಮೊದಲ ಪತ್ರದಲ್ಲೇ ಬರೆದೆ. ನಿನ್ನ ಕಣ್ಣಿಗೆ ಬಿತ್ತಲ್ಲ ಎಂದು ಸಂತೋಷವೂ ಆಯಿತು, ಸಂಕಟವೂ ಆಯಿತು. ಕಿಟಕಿಯ ಪಕ್ಕದ ಮೇಜೂ ಸುಳ್ಳು, ನನ್ನದು ಲಿಫ್ಟಿನ ಪಕ್ಕ.

ಒಂದು ಪೂರ್ತಿ ಪ್ರಾಣಿ ಬರೆಯಬೇಕು ಎಂದು ಆಸೆಯಾಯಿತು. ಬರೆದರೆ ಮಾಡುವವರು ಬೇಕಲ್ಲ. ಗುಮಾಸ್ತೆಯ ಕೈಕಾಲು ಹಿಡಿದು ಒಂದು ಕಾಗದ ಟೈಪ್ ಮಾಡಿಸಿದೆ. ಹಲ್ಲಿ ನನ್ನ ಕೋಟಿನ ಒಳಗೆ ಇದೆ. ಬಸವನಹುಳು ಬೆರಳಲ್ಲಿದೆ, ಕೆಲಸಕ್ಕೆ ಹೋಗುವಾಗ ತೆಗೆದಿಡುತ್ತೇನೆ. ಗ್ರಾಹಕರು ಎಂದು ಬರೆಯುವಾಗ ಎಷ್ಟು ಧೈರ್ಯ ಇರುತ್ತಿತ್ತು ನನಗೆ.

ನಾನು ಯಾಕೆ ಹೋದೆ ಎಂದು ಕೇಳಿದೆ. ನಿನಗೆ ನೆನಪೇ ಇಲ್ಲ ಎನ್ನುವುದು ಗೊತ್ತಿತ್ತು. ಗೂಬೆ ಪದಕ ಕೊಂಡ ಆ ಎತ್ತರದ ಹೆಂಗಸು ಇದನ್ನು ಯೋಚಿಸಿದವರು ಯಾರು ಎಂದು ಕೇಳಿದಳು. ನಾನು ಅಲ್ಲೇ ಡಬ್ಬಿಗೆ ದಾರ ಕಟ್ಟುತ್ತಿದ್ದೆ. ನೀನು ತಲೆ ಎತ್ತದೆ ಹೇಳಿದೆ: "ಬರೆಯೋದೇನು ಬಿಡಿ, ಯಾರ್ ಬೇಕಾದ್ರೂ ಬರೀಬಹುದು. ಜೀವ ಬರೋದು ಕೈಯಲ್ಲಿ."

ಆ ಗೂಬೆಗಾಗಿ ನಾನು ಒಂದು ತಿಂಗಳು ಮುಸ್ಸಂಜೆ ಹೊತ್ತು ಗೋದಾಮಿನ ಹಿಂದೆ ನಿಂತಿದ್ದೆ. ನೀನೇ ಟಾರ್ಚು ಹಿಡಿದಿದ್ದೆ. ಆ ಮಾತು ಕೇಳಿಸಿಕೊಂಡೇ ಗಂಟು ಬಿಗಿದು ಡಬ್ಬಿ ಕೊಟ್ಟೆ. ನಾಲ್ಕು ತಿಂಗಳ ಮೇಲೆ ಇಲ್ಲಿಂದ ಕರೆ ಬಂತು. ಬರಲಿ ಎಂದು ಕಾಯುತ್ತಿದ್ದೆ. ಅವತ್ತೇ ಮುಖಕ್ಕೆ ಹೇಳಿ ಜಗಳ ಆಡಿದ್ದರೆ ಇಷ್ಟು ದೂರ ಬರುವ ಅಗತ್ಯವೇ ಇರಲಿಲ್ಲವೇನೋ. ಅದು ನನ್ನ ತಪ್ಪು.

*

೭ ಮಾರ್ಚ್

ನೆನಪಿಲ್ಲ ಎಂದು ಬರೆದರೆ ಸುಲಭ. ಆದರೆ ನಿನ್ನ ಪತ್ರ ಓದಿದ ಕೂಡಲೇ ನೆನಪಾಯಿತು. ಅವತ್ತಿನ ಬಿಸಿಲು, ಆಕೆಯ ಕೈಚೀಲ, ನಾನು ಉಜ್ಜುತ್ತಿದ್ದ ಸರಳು, ಎಲ್ಲವೂ. ಅಪ್ಪ ಯಾವಾಗಲೂ ಹಾಗೆಯೇ ಹೇಳುತ್ತಿದ್ದರು, ನನ್ನ ಬಾಯಲ್ಲೂ ಅದೇ ಬಂತು. ಇದು ಸಮಜಾಯಿಷಿ ಅಲ್ಲ. ನೀನು ಅಲ್ಲೇ ನಿಂತಿದ್ದೆ ಎಂದು ಗೊತ್ತಿದ್ದೂ ಹೇಳಿದೆ.

ಮೊನ್ನೆ ಆ ಹೆಂಗಸಿನ ಮನೆ ಹುಡುಕಿಕೊಂಡು ಹೋದೆ. ಸೇತುವೆಯ ಆಚೆ, ಮೂರು ಮಹಡಿ ಮೆಟ್ಟಿಲು. ಗೂಬೆ ಅವರ ಕೊರಳಲ್ಲೇ ಇತ್ತು. ಕೂರಿ ಎಂದರು, ಕೂರಲಿಲ್ಲ. ಇದನ್ನು ಯೋಚಿಸಿದ್ದು ನನ್ನ ಹೆಂಡತಿ, ಅವಳು ಬರೆಯದಿದ್ದರೆ ನನ್ನ ಕೈಗೆ ಗೂಬೆ ಎಂದರೇನು ಎಂದೇ ಗೊತ್ತಾಗುತ್ತಿರಲಿಲ್ಲ, ಅವತ್ತು ನಾನು ಹೇಳಿದ್ದು ಸುಳ್ಳು ಎಂದೆ. ಆಕೆ ಕೊರಳ ಗೂಬೆಯನ್ನು ಮುಟ್ಟಿಕೊಂಡು ಹೇಳಿದರು.

"ಅವತ್ತೇ ಗೊತ್ತಾಯ್ತು. ದಾರ ಕಟ್ಟೋವಾಗ ಅವರ ಕೈ ನಡುಗ್ತಿತ್ತು. ನೀವು ನೋಡ್ಲಿಲ್ವಾ?"

ನೋಡಲಿಲ್ಲ. ಆ ಕೈಯನ್ನು ಒಂದು ಗೀರಾಗಿ ಕೋಲಿನ ಮೇಲೆ ಇಟ್ಟುಕೊಂಡು ಅಷ್ಟಕ್ಕೇ ನೆಮ್ಮದಿಯಾಗಿದ್ದೆ. ಮೆಟ್ಟಿಲು ಇಳಿಯುವಾಗ ನಡುವೆ ಒಂದು ಕಡೆ ಕೂತೆ.

ಇದರ ಜೊತೆ ಬಳೆ ಇದೆ. ಬೆಕ್ಕಿನ ಎಡಗಿವಿ ಸ್ವಲ್ಪ ಹರಿದಿದೆ. ನಿನ್ನ ಚಿತ್ರದಲ್ಲಿ ಇರಲಿಲ್ಲ. ನೀನು ಹೊರಟುಹೋದ ವರ್ಷವೇ ಗೋದಾಮಿನ ಬೆಕ್ಕಿನೊಡನೆ ಕಾದಾಡಿ ಹರಿದುಕೊಂಡು ಬಂದ, ನಿನಗೆ ತಿಳಿದಿರಲಿಲ್ಲ. ನೋಡಿ ಮಾಡಲು ಅವನಿರಲಿಲ್ಲ, ನೆನಪಿನಿಂದ ಮಾಡಿದೆ. ಬಾಲ ಮೂಗಿಗೆ ತಾಗುತ್ತದೆ.

ಎರಡು ವಿಷಯದಲ್ಲಿ ನಿನ್ನ ಮಾತು ಮೀರಿದ್ದೇನೆ. ಒಂದು, ದಾರದ ಅಳತೆಗೆ ಮಾಡಿದ್ದನ್ನು ಕರಗಿಸಿ ಹಳೆಯ ಗೀರಿನ ಅಳತೆಗೆ ಮತ್ತೆ ಮಾಡಿದೆ. ಈಗ ಸಡಿಲವಾಗಿ ಜಾರುತ್ತದೆ ಎಂದು ಗೊತ್ತು. ಎರಡು, ಒಳಗಡೆ ಅಂಗಡಿಯ ಮುದ್ರೆ ಒತ್ತಿಲ್ಲ. ಆ ಜಾಗವನ್ನು ನುಣುಪು ಮಾಡಿ ಹಾಗೆಯೇ ಬಿಟ್ಟಿದ್ದೇನೆ. ಅಲ್ಲಿ ನಿನ್ನ ಮುದ್ರೆ ಬರಬೇಕು. ಅದನ್ನು ನೀನೇ ಬರೆಯಬೇಕು, ನನಗೆ ಬರೆಯಲು ಬರುವುದಿಲ್ಲ. ಬರೆದು ಕಳಿಸಿದರೆ ಉಕ್ಕಿನಲ್ಲಿ ಕೊರೆಯುತ್ತೇನೆ. ಇನ್ನು ಮೇಲೆ ಈ ಅಂಗಡಿಯಿಂದ ಹೋಗುವ ಪ್ರತಿ ಪ್ರಾಣಿಯ ಹೊಟ್ಟೆಗೂ ಎರಡು ಮುದ್ರೆ. ನೀನು ಬಂದರೂ ಸರಿ, ಬರದಿದ್ದರೂ ಸರಿ. ಬರದಿದ್ದರೂ ಸರಿ ಎಂದು ಬರೆದದ್ದು ಮಾತ್ರ ಸುಳ್ಳು.

ಅಮ್ಮ ಮೊದಲ ದಿನ ಏನು ಕೇಳಿದರು ಎಂದು ಈಗ ಹೇಳಿಬಿಡುತ್ತೇನೆ. "ಊಟ ಮಾಡ್ತಾಳಂತಾ?" ಎಂದು ಕೇಳಿದರು. ನಾನು ಅದನ್ನು ದೊಡ್ಡ ಗುಟ್ಟಿನ ಹಾಗೆ ಬಚ್ಚಿಟ್ಟೆ.

*

೨೯ ಮಾರ್ಚ್

ಬಳೆ ಕೈಗೆ ಹಾಕಿದರೆ ಮೊಣಕೈವರೆಗೆ ಹೋಗುತ್ತದೆ, ಕೈ ಇಳಿಸಿದರೆ ನೆಲಕ್ಕೆ ಬೀಳುತ್ತದೆ. ಎರಡು ಸಲ ಬಿತ್ತು, ಎರಡು ಸಲವೂ ದಾದಿ ಬಂದು ಏನು ಸದ್ದು ಎಂದು ಕೇಳಿದಳು. ನನ್ನ ಬೆಕ್ಕು ಎಂದೆ. ಅಳತೆ ಬದಲಿಸಬೇಡ. ಅತ್ತೆಗೆ ಹೇಳು, ಅದು ಬೀಳದ ಹಾಗೆ ಮಾಡುವ ಕೆಲಸ ಅವರದು.

ಹರಿದ ಕಿವಿಯನ್ನು ದಿನಾ ಮುಟ್ಟಿ ನೋಡುತ್ತೇನೆ. ನನಗೆ ತಿಳಿಯದ ಅವನ ಒಂದು ವರ್ಷ ಅಲ್ಲಿದೆ. ನಿನ್ನದು ನಾಲ್ಕು ವರ್ಷ ನನಗೆ ತಿಳಿಯದೆ ಹೋಗಿದೆ. ಅದನ್ನು ಎಲ್ಲಿ ಮುಟ್ಟಿ ನೋಡಲಿ ಎಂದು ಯೋಚಿಸುತ್ತೇನೆ.

ಕೊನೆಯ ಪಾದವನ್ನು ಮೊನ್ನೆ ಬರೆದು ಮುಗಿಸಿದೆ. ನವಿಲಿನದು. ಮುಖ್ಯಸ್ಥೆಗೆ ರಾಜೀನಾಮೆ ಕೊಟ್ಟಾಗ ಇಷ್ಟು ಒಳ್ಳೆಯ ಪಾದದವಳು ಮತ್ತೆ ಸಿಗುವುದಿಲ್ಲ ಎಂದಳು. ಅವಳು ಮನಸಾರೆ ಹೇಳಿದಳು, ನನಗೆ ನಗು ತಡೆಯಲು ಆಗಲಿಲ್ಲ.

ಹೆದರಿಕೆ ಇಲ್ಲವೆಂದಲ್ಲ. ಆ ಮಾತು ಒಂದು ಪತ್ರದಿಂದ ಅಳಿಸಿಹೋಗುವುದಿಲ್ಲ, ಮತ್ತೆ ಕೇಳಿಸಿದರೆ ಮತ್ತೆ ಪೆಟ್ಟಿಗೆ ಕಟ್ಟುತ್ತೇನೆ. ಈ ಸಲ ಮಾತ್ರ ಮೊದಲು ಜಗಳ ಆಡುತ್ತೇನೆ, ಬೀದಿಗೆಲ್ಲ ಕೇಳಿಸುವ ಹಾಗೆ. ಪಾಲಿಶ್ ಮಾವನಿಗೂ ಕೇಳಿಸುತ್ತದೆ.

ಮುದ್ರೆ ಬರೆದಿದ್ದೇನೆ. ಉಗುರಿನ ಕಾಲು ಭಾಗದಷ್ಟು ಒಂದು ಹಲ್ಲಿ, ಇಳಿಯುವ ಹಲ್ಲಿ. ಆ ಹಾಳೆಯನ್ನು ಈ ಲಕೋಟೆಯಲ್ಲಿ ಹುಡುಕಬೇಡ, ಇಟ್ಟಿಲ್ಲ. ಹನ್ನೆರಡನೆಯ ತಾರೀಖು ಮಧ್ಯಾಹ್ನದ ಗಾಡಿಗೆ ನಾನೇ ತರುತ್ತೇನೆ. ನನ್ನ ಕುರ್ಚಿಯಲ್ಲೇ ಕೂತು, ನನ್ನ ಕಡೆಗೆ ನೇರವಾಗಿ ಇಟ್ಟುಕೊಳ್ಳುತ್ತೇನೆ. ನಿನಗೆ ಅದು ತಲೆಕೆಳಗಾಗಿಯೇ ಕಾಣಲಿ.